ಪುತಳಿ ಸರದೊಳಗಿನ ವೆನಿಸ್

ಉಗರಗೋಳದ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೆ ಬರುವ ಹಿರಿಯ ಹೆಣ್ಣುಮಕ್ಕಳ ಕೊರಳಲ್ಲಿ ಪುತಳಿ ಸರ ನೋಡಿರಬಹುದು. ಅದರ ಬಿಲ್ಲೆಗಳ ಮೇಲೆ ಈಗ ಲಕ್ಷ್ಮಿ ಕೂತಿದ್ದಾಳೆ. ಅವಳಿಗಿಂತ ಮೊದಲು ಅಲ್ಲಿ ಇದ್ದವನು ಸಂತ ಮಾರ್ಕ, ಅವನೆದುರು ಮಂಡಿಯೂರಿದ ವೆನಿಸ್ಸಿನ ದೊರೆ. ಪುತಳಿಯ ಮೂಲ ವೆನಿಸ್ಸಿನ ಡುಕಾಟ್ ನಾಣ್ಯ. 1284ರಲ್ಲಿ ಶುರುವಾದ ಅದರ ಚಿತ್ರ, ತೂಕ ಎರಡೂ 1797ರಲ್ಲಿ ಆ ಗಣರಾಜ್ಯ ಅಳಿಯುವವರೆಗೆ ಹೆಚ್ಚುಕಡಿಮೆ ಹಾಗೇ ಉಳಿದವು.

ಮೆಣಸು, ಬಟ್ಟೆಗಳ ಬೆಲೆಯಾಗಿ ಕಡಲು ದಾಟಿ ಬಂದ ಈ ಚಿನ್ನ ನಮ್ಮಲ್ಲಿ ಬೇಗ ಒಗ್ಗಿತು. ಡುಕಾಟ್ ಸುಮಾರು 3.5 ಗ್ರಾಂ, ವಿಜಯನಗರದ ವರಹ ಸುಮಾರು 3.4. ನಮ್ಮ ಅಕ್ಕಸಾಲಿಗರು ಅದರ ನಕಲನ್ನೂ ಹೊಡೆದರು. ನಕಲಿನಲ್ಲಿ ಲ್ಯಾಟಿನ್ ಅಕ್ಷರ ಬರೀ ಗೀರಾಗಿಬಿಟ್ಟಿತು. ಅಕ್ಷರ ಕೆಟ್ಟರೂ ಚಿನ್ನ ಅಪ್ಪಟವಿರಬಹುದು. ಅಕ್ಷರ ಸರಿಯಿದ್ದೂ ಒಳಗೆ ತಾಮ್ರವಿರಬಹುದು.

ಹಾಗಾಗಿ ಸರಾಫ ನಂಬುತ್ತಿದ್ದುದು ತಕ್ಕಡಿಯನ್ನು, ಒರೆಗಲ್ಲನ್ನು. ಚಿನ್ನದ ಸಾಂದ್ರತೆ 19.3, ತಾಮ್ರದ್ದು 9ರ ಹತ್ತಿರ. ತಾಮ್ರದ ನಕಲು ತೂಕಕ್ಕೆ ಸರಿಹೋದರೆ ಗಾತ್ರದಲ್ಲಿ ಸಿಕ್ಕಿಬೀಳುತ್ತದೆ. ಕಪ್ಪು ಕಲ್ಲಿನ ಮೇಲೆ ಎಳೆದ ಗೀರಿಗೆ ನೈಟ್ರಿಕ್ ಆಮ್ಲ ತಾಗಿಸಿದರೆ ತಾಮ್ರ, ಬೆಳ್ಳಿ ಕರಗುತ್ತವೆ, ಚಿನ್ನ ನಿಲ್ಲುತ್ತದೆ. ಆದರೆ ಗೀರು ಹೇಳುವುದು ಮೇಲ್ಮೈಯ ಸುದ್ದಿ ಮಾತ್ರ. ದಪ್ಪ ಲೇಪ ಒರೆಗಲ್ಲಿಗೂ ಮಣ್ಣೆರಚೀತು. ಅದಕ್ಕೇ ಉಳಿ, ಅಚ್ಚು. ಮೆತ್ತನೆಯ ಚಿನ್ನ ಏಟಿಗೆ ಒಳಕ್ಕೆ ಹರಿಯುತ್ತದೆ. ಲೇಪವಾದರೆ ಹರಿದು ಒಳಗಿನ ಬಣ್ಣ ಹೊರಬೀಳುತ್ತದೆ. ಹಳೆಯ ಹೊನ್ನು, ರೂಪಾಯಿಗಳ ಮೇಲಿನ ಸಣ್ಣ ಗುರುತುಗಳು ಹೀಗೆ ಪರೀಕ್ಷೆಯೂ ಹೌದು, ಪರೀಕ್ಷೆ ಮುಗಿದ ದಾಖಲೆಯೂ ಹೌದು. ಮುಂದಿನ ಸರಾಫನಿಗೆ ಪರಿಚಯದ ಗುರುತು ಕಂಡರೆ ಅರ್ಧ ಕೆಲಸ ಉಳಿಯಿತು.

ಅಟ್ಲಾಂಟಿಕ್ ದಂಡೆಯಲ್ಲೂ ಇದೇ ಪಾಡು. ಬ್ರೆಜಿಲ್ಲಿನಲ್ಲಿ ಅಚ್ಚಾದ 6400 ರೈಸ್ ಮೌಲ್ಯದ ಚಿನ್ನದ ನಾಣ್ಯ 14.3 ಗ್ರಾಂ ತೂಗಬೇಕು. ಅಂಚು ಕತ್ತರಿಸಿ ಕದಿಯುವವರ ಕೈಗೆ ಸಿಕ್ಕು ಅದು ಸವೆಯುತ್ತಿತ್ತು. ಕೆರಿಬಿಯನ್ ದ್ವೀಪಗಳ ಅಕ್ಕಸಾಲಿಗರು ನಡುವೆ ಚಿನ್ನದ ಬೆಣೆ ತುಂಬಿ ತೂಕ ಸರಿಪಡಿಸಿ ಮೇಲೆ ತಮ್ಮ ಮುದ್ರೆ ಒತ್ತಿದರು. ನ್ಯೂಯಾರ್ಕಿನ ಅಕ್ಕಸಾಲಿಗ ಎಫ್ರೇಮ್ ಬ್ರಾಶರ್ 1780ರ ದಶಕದಲ್ಲಿ ವಿದೇಶಿ ಚಿನ್ನದ ಮೇಲೆ ತನ್ನ ಹೆಸರಿನ ಎರಡಕ್ಷರ ಹೊಡೆದ. ಆ ಎರಡಕ್ಷರ ಇರುವ ನಾಣ್ಯಕ್ಕೆ ಇಂದು ಚಿನ್ನದ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು ಬೆಲೆ. ಸವೆತ ಮುಚ್ಚುವ ಗುರುತೇ ಸಂಗ್ರಾಹಕರ ಆಸೆಯಾದದ್ದು ತಮಾಷೆಯೇ.

ಇತ್ತ ಡುಕಾಟ್ ಸರಕ್ಕೇರಿತು. ಪೋಣಿಸಲು ಕುಣಿಕೆ ಬೇಕು, ಕುಣಿಕೆಗೆ ಬೆಸುಗೆ ಬೇಕು. ಅಪ್ಪಟ ಚಿನ್ನ ಕರಗಲು 1064 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಬೆಸುಗೆ ಅದಕ್ಕಿಂತ ಮೊದಲೇ ಕರಗಬೇಕಾದ್ದರಿಂದ ಅದಕ್ಕೆ ಬೆಳ್ಳಿ, ತಾಮ್ರ ಬೆರೆಸುತ್ತಾರೆ. ಆದ್ದರಿಂದ ಹಳೆಯ ಪುತಳಿ ಸರ ಕರಗಿಸುವಾಗ ಕುಣಿಕೆಗಳನ್ನು ಬಿಡಿಸಿ ಬೇರೆ ಇಡಬೇಕು. ಇಲ್ಲವಾದರೆ ಆ ಚೂರು ಬೆಸುಗೆ ಇಡೀ ಗಟ್ಟಿಯ ಕ್ಯಾರಟ್ ಇಳಿಸುತ್ತದೆ.