ವರದಿಯಲ್ಲಿ ‘ಕ್ರಾನಿಕ್’ ಎಂದಿದ್ದರೆ ಕಾಯಿಲೆ ವಾಸಿಯಾಗುವುದಿಲ್ಲ ಎಂದರ್ಥವೇ?

ವೈದ್ಯಕೀಯ ವರದಿಯಲ್ಲಿ ‘ಕ್ರಾನಿಕ್’ ಎಂಬ ಪದ ಕಂಡರೆ, ಕಾಯಿಲೆ ಕೊನೆಯ ಹಂತ ತಲುಪಿದೆ ಎಂದು ಹಲವರು ಭಾವಿಸುತ್ತಾರೆ. ಇದು ತಪ್ಪು ತಿಳಿವಳಿಕೆ. ಈ ಪದ ಹೇಳುವುದು ಕಾಯಿಲೆಯ ಅವಧಿಯನ್ನು, ತೀವ್ರತೆಯನ್ನಲ್ಲ.

ಪದದ ಅರ್ಥವೇನು?

ಗ್ರೀಕ್ ಭಾಷೆಯಲ್ಲಿ ‘ಕ್ರೊನೋಸ್’ ಎಂದರೆ ಕಾಲ. ಕ್ರಾನಿಕ್ ಎಂಬ ವಿಶೇಷಣದ ಮೂಲ ಅದೇ. ಕನ್ನಡದಲ್ಲಿ ‘ದೀರ್ಘಕಾಲದ’ ಎನ್ನಬಹುದು. ‘ಕ್ರಾನಿಕ್ ಬ್ಯಾಚುಲರ್’ ಎಂದು ಗೆಳೆಯರನ್ನು ತಮಾಷೆ ಮಾಡುವಾಗಲೂ ಅರ್ಥ ಇಷ್ಟೇ: ಬಹಳ ಕಾಲದಿಂದ ಹಾಗೇ ಇರುವವರು.

ಇದರ ವಿರುದ್ಧ ಪದ ‘ಅಕ್ಯೂಟ್’. ದಿಢೀರನೆ ಶುರುವಾಗಿ, ಸಾಮಾನ್ಯವಾಗಿ ಕಡಿಮೆ ಕಾಲ ಇರುವಂಥದ್ದು. ನೆಗಡಿಯೂ ಅಕ್ಯೂಟ್, ಹೃದಯಾಘಾತವೂ ಅಕ್ಯೂಟ್. ಕನ್ನಡದಲ್ಲಿ ಇದನ್ನು ಹೆಚ್ಚಾಗಿ ‘ತೀವ್ರ’ ಎಂದು ಅನುವಾದಿಸುವುದರಿಂದ ಗೊಂದಲ ಇನ್ನೂ ಹೆಚ್ಚುತ್ತದೆ.

ಎಷ್ಟು ಕಾಲವಿದ್ದರೆ ಕ್ರಾನಿಕ್?

ಇದು ಕಾಯಿಲೆಯಿಂದ ಕಾಯಿಲೆಗೆ ಬದಲಾಗುತ್ತದೆ. ವಯಸ್ಕರಲ್ಲಿ ಕೆಮ್ಮು 8 ವಾರ ದಾಟಿದರೆ ಕ್ರಾನಿಕ್. ನೋವಿಗೆ 3 ತಿಂಗಳು, ಹೆಪಟೈಟಿಸ್ ಬಿ ಸೋಂಕಿಗೆ 6 ತಿಂಗಳು. ಮೂತ್ರಪಿಂಡದ ತೊಂದರೆ ಕನಿಷ್ಠ 3 ತಿಂಗಳು ಇದ್ದರೆ ಮಾತ್ರ ಅದನ್ನು ಕ್ರಾನಿಕ್ ಎನ್ನುತ್ತಾರೆ. ಹಾಗಾಗಿ ಒಮ್ಮೆ ಕ್ರಿಯಾಟಿನಿನ್ ಹೆಚ್ಚು ಬಂದ ಮಾತ್ರಕ್ಕೆ ಈ ತೀರ್ಮಾನಕ್ಕೆ ಬರಲಾಗದು. ಆದರೆ ಅದನ್ನು ಕಡೆಗಣಿಸಲೂಬಾರದು. ಕಾರಣ ತಿಳಿಯಲು ವೈದ್ಯರನ್ನು ಕಾಣಲೇಬೇಕು.

ಕ್ರಾನಿಕ್ ಆದರೆ ಗುಣವಾಗುವುದಿಲ್ಲವೇ?

ಕೆಲವು ಗುಣವಾಗುತ್ತವೆ. ದೀರ್ಘಕಾಲದ ಹೆಪಟೈಟಿಸ್ ಸಿ ಸೋಂಕು ಈಗಿನ ಮಾತ್ರೆಗಳಿಂದ, ಸಾಮಾನ್ಯವಾಗಿ 8ರಿಂದ 12 ವಾರಗಳ ಚಿಕಿತ್ಸೆಯಲ್ಲಿ, ಹೆಚ್ಚಿನವರಲ್ಲಿ ವಾಸಿಯಾಗುತ್ತದೆ. ಮಧುಮೇಹ, ರಕ್ತದೊತ್ತಡದಂಥವು ಪೂರ್ತಿ ಹೋಗದಿದ್ದರೂ ಹತೋಟಿಯಲ್ಲಿಡಬಹುದು. ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯಲ್ಲಿ 5 ಹಂತಗಳಿವೆ. ಮೊದಲ ಹಂತಗಳಲ್ಲೇ ಗೊತ್ತಾದರೆ, ರಕ್ತದೊತ್ತಡ ಮತ್ತು ಸಕ್ಕರೆ ಪ್ರಮಾಣವನ್ನು ನಿಯಂತ್ರಿಸಿ ಹಾನಿಯ ವೇಗ ತಗ್ಗಿಸಬಹುದು.

ತಪ್ಪು ತಿಳಿವಳಿಕೆಯ ಅಪಾಯವೇನು?

‘ಇನ್ನೇನೂ ಮಾಡಲಾಗದು’ ಎಂದುಕೊಂಡವರು ಚಿಕಿತ್ಸೆ ಬಿಡುತ್ತಾರೆ. ‘ಹಳೇ ಕಾಯಿಲೆ, ಏನಾಗುತ್ತೆ’ ಎನ್ನುವವರು ಮಾತ್ರೆ ನಿಲ್ಲಿಸುತ್ತಾರೆ. ಎರಡರಿಂದಲೂ ಹಾನಿಯೇ. ನಿಯಂತ್ರಣ ತಪ್ಪಿದ ರಕ್ತದೊತ್ತಡ ಯಾವ ಲಕ್ಷಣವನ್ನೂ ತೋರದೆ ಮೂತ್ರಪಿಂಡ, ಹೃದಯ, ಮಿದುಳಿಗೆ ಪೆಟ್ಟು ಕೊಡಬಲ್ಲದು.

ತೀರ್ಮಾನ

ಕ್ರಾನಿಕ್ ಎಂದರೆ ದೀರ್ಘಕಾಲದ್ದು ಎಂದಷ್ಟೇ ಅರ್ಥ. ಕಾಯಿಲೆ ಎಷ್ಟು ಗಂಭೀರ ಎಂಬುದು ಆ ಪದದಿಂದ ತಿಳಿಯುವುದಿಲ್ಲ. ವರದಿಯಲ್ಲಿ ಅದನ್ನು ಕಂಡಾಗ ವೈದ್ಯರನ್ನು ಹೀಗೆ ಕೇಳಿ: ಈಗ ಯಾವ ಹಂತದಲ್ಲಿದೆ? ಗುಣವಾಗುತ್ತದೆಯೇ ಅಥವಾ ಹತೋಟಿಯಲ್ಲಿಡಬೇಕೇ? ಮುಂದಿನ ಪರೀಕ್ಷೆ ಯಾವಾಗ?