ಯಂತ್ರದ ತಿರುಳಿಗೆ ಓದಬರುವ ಭಾಷೆ

ನಮ್ಮ ಚಿಕ್ಕೋಡಿ ಸೀಮೆಯ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಮೋಡಿ ಲಿಪಿಯ ಕಾಗದಪತ್ರಗಳಿರುವುದುಂಟು. ಹೊಲದ ಎಲ್ಲೆ, ವಾಟಣಿ, ಸಾಲ ಎಲ್ಲವೂ ಅವುಗಳಲ್ಲಿವೆ. ಓದಬಲ್ಲವರು ಮಾತ್ರ ಊರಿಗೊಬ್ಬರೂ ಸಿಗರು. ಗಣಕಯಂತ್ರದ ಒಡಲಿನಲ್ಲಿಯೂ ಇಂಥದೇ ತೊಡಕೊಂದು ಇತ್ತೆಂದರೆ ವಾಚಕರಿಗೆ ಸೋಜಿಗವಾದೀತು.

ಆಕಾಶವಾಣಿಯನ್ನು ಈಗ ಫೋನಿನಲ್ಲಿ ಕೇಳುವವರು ನಿಮ್ಮಲ್ಲಿ ಹಲವರಿದ್ದೀರಿ. ಆ ಫೋನಿನಲ್ಲಿ ಹಾಡು, ಪತ್ರ, ಲೆಕ್ಕ ಮೊದಲಾದ ಎಲ್ಲ ಕೆಲಸಗಳಿಗೂ ಯಂತ್ರದ ಶಕ್ತಿಯನ್ನು ಹಂಚಿಕೊಡುವ ಮೂಲ ಕ್ರಮವಿಧಿಗೆ ಕರ್ನಲ್, ಎಂದರೆ ತಿರುಳು, ಎಂದು ಹೆಸರು. ಮೊದಮೊದಲು ತಿರುಳನ್ನು ಅಸೆಂಬ್ಲಿ ಭಾಷೆಯಲ್ಲಿ ಬರೆಯುತ್ತಿದ್ದರು. ಅದರ ಒಂದೊಂದು ಸಾಲೂ ಯಂತ್ರಕ್ಕೆ ಒಂದೊಂದು ಆಜ್ಞೆ: ಈ ಅಂಕಿಯನ್ನು ಅಲ್ಲಿಗೆ ಒಯ್ಯಿ, ಅದಕ್ಕೆ ಇದನ್ನು ಕೂಡಿಸು, ಇಂಥ ಕಡೆಗೆ ಜಿಗಿ. ವೇಗಕ್ಕೆ ಕೊರತೆಯಿಲ್ಲ. ಆದರೆ ಯಂತ್ರದ ಜಾತಿ ಬದಲಾಯಿತೋ, ಬರೆದುದೆಲ್ಲ ವ್ಯರ್ಥ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ನರು ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಹೀಗೆಯೇ ಬರೆದರು. ಸಹೋದ್ಯೋಗಿ ಡೆನಿಸ್ ರಿಚಿಯವರು ಬಳಿಕ ಸಿ ಎಂಬ ಭಾಷೆಯನ್ನು ಕಟ್ಟಿದರು. ಅದು ಮನುಷ್ಯನ ಓದಿಗೆ ಹತ್ತಿರ. ಆಯಾ ಯಂತ್ರದ ಆಜ್ಞೆಗಳಾಗಿ ಅದನ್ನು ಮಾರ್ಪಡಿಸಲು ಕಂಪೈಲರ್ ಎಂಬ ದುಭಾಷಿ ಉಂಟು. 1972ರಲ್ಲಿ ಥಾಂಪ್ಸನ್ನರು ತಿರುಳನ್ನು ಸಿ ಭಾಷೆಗೆ ತರಹೋಗಿ ಕೈಬಿಟ್ಟರು. ಬಗೆಬಗೆಯ ಸಂಗತಿಗಳನ್ನು ಒಂದೇ ಕಟ್ಟಿನಲ್ಲಿಡುವ ಸೌಕರ್ಯ ಆ ಭಾಷೆಗೆ ಆಗಿನ್ನೂ ಬಂದಿರಲಿಲ್ಲ. ಬರೆಯುವವನ ಕೈ ಸೋತಾಗ ಭಾಷೆಯನ್ನೇ ಬೆಳೆಯಿಸಿದರಲ್ಲ, ಕನ್ನಡ ಕಲಿಸುವ ನನಗೆ ಇದು ಬಹಳ ಹಿಡಿಸಿದ ಮಾತು. 1973ರ ಬೇಸಿಗೆಯಲ್ಲಿ ಕೆಲಸ ಕೈಗೂಡಿತು. ಹೊಸ ವ್ಯವಸ್ಥೆ ಹಳೆಯದಕ್ಕಿಂತ ಮೂರರಲ್ಲೊಂದು ಪಾಲು ದೊಡ್ಡದಾಯಿತು. ತಿಳಿಯಲು, ತಿದ್ದಲು ಸುಲಭವೆಂದು ಆ ನಷ್ಟವನ್ನು ಒಪ್ಪಿಕೊಂಡರು. 1977ರಲ್ಲಿ ಯುನಿಕ್ಸನ್ನು ಇಂಟರ್‌ಡೇಟಾ ಎಂಬ ಬೇರೆ ಜಾತಿಯ ಯಂತ್ರಕ್ಕೂ ಒಗ್ಗಿಸಲು ಸಾಧ್ಯವಾಯಿತು.

ಹಾಗಾದರೆ ಅಸೆಂಬ್ಲಿ ಪೂರ್ತಿ ತೊಲಗಿತೇ? ಇಲ್ಲ. 1978ರಲ್ಲಿ ಥಾಂಪ್ಸನ್ನರು ಕೊಟ್ಟ ಲೆಕ್ಕದಂತೆ ತಿರುಳಿನಲ್ಲಿ ಸಿ ಸುಮಾರು 10,000 ಸಾಲು, ಅಸೆಂಬ್ಲಿ 1,000 ಸಾಲು. ಆ ಸಾವಿರದಲ್ಲಿ 200 ವೇಗಕ್ಕಾಗಿ. ಉಳಿದ 800 ಸಿ ಭಾಷೆಯಿಂದ ಆಗದ ಕೆಲಸಗಳಿಗಾಗಿ. ಆಗದೇಕೆ? ಸಿ ನಡೆಯಬೇಕಾದರೆ ಸ್ಟ್ಯಾಕ್ ಬೇಕು. ಅಡಕಲ ಗಡಿಗೆಗಳಂತೆ ಒಂದರ ಮೇಲೊಂದು ಅಂಕಿಗಳನ್ನಿಡುವ ತಾಣ ಅದು. ನಿಮ್ಮ ಹಾಡಿನ ಕ್ರಮವಿಧಿಯು ನೆರವು ಬೇಡಿ ತಿರುಳಿನ ಹೊಸ್ತಿಲು ದಾಟುವ ಗಳಿಗೆಯಲ್ಲಿ ತಿರುಳಿನ ಅಡಕಲು ಇನ್ನೂ ಕೈಗೆ ಬಂದಿರುವುದಿಲ್ಲ. ಹಾಡಿನ ಅಂಕಿಗಳನ್ನು ಇದ್ದಂತೆಯೇ ತೆಗೆದಿಟ್ಟು, ಈ ಅಡಕಲನ್ನು ಹಿಡಿಯುವವರೆಗೆ ಅಸೆಂಬ್ಲಿಯೇ ಗತಿ.

ತೊಂದರೆಯೆಂದರೆ, ಹೊಸ್ತಿಲಿಗೆ ಬೇಕಾದುದಕ್ಕಿಂತ ಹೆಚ್ಚು ಬರಹ ಅಲ್ಲಿಯೇ ಕೂಡುತ್ತ ಹೋಗುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿಯೂ ಇರುವ ಲಿನಕ್ಸ್ ಎಂಬ ತಿರುಳಿಗೆ ಹಾಗೆಯೇ ಆಗಿತ್ತು. ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಕ್ರಮವಿಧಿಗೆ ಮರಳುವ ಮುನ್ನ "ಸಂದೇಶ ಬಂದಿದೆಯೇ? ಸರದಿ ಮುಗಿಯಿತೇ?" ಎಂದು ವಿಚಾರಿಸುವ ಸಿಕ್ಕುಸಿಕ್ಕಾದ ಭಾಗವೂ ಅಸೆಂಬ್ಲಿಯಲ್ಲಿತ್ತು. ಇಲ್ಲಿ ಒಂದು ಸಾಲು ತಪ್ಪಿದರೆ ಯಂತ್ರ ನಿಂತೀತು, ಇಲ್ಲವೆ ಒಬ್ಬರ ಗುಟ್ಟು ಇನ್ನೊಬ್ಬರ ಪಾಲಾದೀತು. 2015ರಲ್ಲಿ ಆಂಡಿ ಲುಟೊಮಿರ್ಸ್ಕಿಯವರು ಈ ವಿಚಾರಣೆಯ ಭಾಗವನ್ನು ಸಿ ಭಾಷೆಗೆ ತಂದರು. ಅಂಕಿಗಳನ್ನು ತೆಗೆದಿಡುವ, ಅಡಕಲು ಬದಲಿಸುವ ಸಾಲುಗಳು ಮಾತ್ರ ಈಗಲೂ ಅಸೆಂಬ್ಲಿಯಲ್ಲಿಯೇ ಇವೆ.