ರಾತ್ರಿಯಿಲ್ಲದ ನಾಡಿಗೆ ಫಟಫಟಿಯ ಮೇಲೆ

ನಮ್ಮ ಕಡೆಯ ಅನೇಕ ಕುಟುಂಬಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಚರ್ಚೆ ಕೇಳಿಬರುತ್ತಿದೆ. ಮಗನೋ ಮಗಳೋ ಓದು ಮುಗಿಸಿ, ಬೆಂಗಳೂರಿನಲ್ಲೋ ಪುಣೆಯಲ್ಲೋ ನೌಕರಿ ಹಿಡಿದು, ಸ್ವಂತ ದುಡಿಮೆಯಿಂದ ಮೋಟಾರ್ ಸೈಕಲ್ ಕೊಳ್ಳುತ್ತಾರೆ. ಮೊದಲು ಗೋವೆಗೆ ಹೋಗಿ ಬರುತ್ತಾರೆ, ಆಮೇಲೆ ಲಡಾಖಿಗೆ. ಮೂರನೆಯ ವರ್ಷ, “ಯುರೋಪಿನ ಉತ್ತರದ ತುದಿಯವರೆಗೆ ಗಾಡಿ ಓಡಿಸಿಕೊಂಡು ಹೋಗಬೇಕೆಂದಿದ್ದೇನೆ” ಎನ್ನುತ್ತಾರೆ. ತಂದೆ ಸಿಟ್ಟಾಗುತ್ತಾನೆ, ತಾಯಿ ಊಟ ಬಿಡುತ್ತಾಳೆ. ಕಡೆಗೆ ಇಬ್ಬರೂ ಗುರುಗಳ ಮನೆಗೆ ಬಂದು, “ಫಾದರ್, ನೀವರೆ ಅವಗ ನಾಕ ಮಾತು ಹೇಳ್ರಿ” ಎಂದು ಬೇಡಿಕೊಳ್ಳುತ್ತಾರೆ. ನಾಲ್ಕು ಮಾತು ಹೇಳುವುದಕ್ಕೆ ಮುಂಚೆ ಆ ಪ್ರಯಾಣ ಎಂಥದೆಂಬುದನ್ನು ತಿಳಿಯುವುದು ನ್ಯಾಯವಾದುದರಿಂದ ಈ ವಾರ ಆ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಮೈಸೂರಿನಿಂದ ಸಿಡ್ನಿಯವರೆಗೆ

ಮೋಟಾರ್ ಸೈಕಲ್ಲಿನ ಮೋಹ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಯುರೋಪಿನ ಚೆಕ್ ನಾಡಿನಲ್ಲಿ 1929ರಲ್ಲಿ ಹುಟ್ಟಿದ ಜಾವಾ ಗಾಡಿ 1961ರಿಂದ ನಮ್ಮ ಮೈಸೂರಿನಲ್ಲಿಯೇ ತಯಾರಾಗತೊಡಗಿತು. ಮುಂದೆ ಅದೇ ಕಾರ್ಖಾನೆಯಿಂದ ಯೆಜ್ಡಿ ಹೊರಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿದರೂ, ಸಂತೆಯ ದಿನ ಹಳ್ಳಿಯ ರಸ್ತೆಯಲ್ಲಿ ಆ ಗಾಡಿಯ ಸಪ್ಪಳ ಕೇಳಿ ಬೆಳೆದ ತಲೆಮಾರಿಗೆ ಇಂದಿಗೂ ಎಲ್ಲ ಮೋಟಾರ್ ಸೈಕಲ್ಲುಗಳೂ ‘ಫಟಫಟಿ’ಗಳೇ. ಅಪ್ಪಂದಿರು ಅದರ ಮೇಲೆ ಎಣ್ಣೆಯ ಡಬ್ಬಿ, ನೂಲಿನ ಗಂಟು, ಹೆಂಡತಿ, ಎರಡು ಮಕ್ಕಳನ್ನು ಕೂಡಿಸಿಕೊಂಡು ಜಮಖಂಡಿಗೆ ಹೋಗಿ ಬಂದರು. ಮಕ್ಕಳು ಅದೇ ವಾಹನದ ಮೇಲೆ ಜಗತ್ತನ್ನು ನೋಡಬಯಸುತ್ತಾರೆ.

ಇದು ಬರಿಯ ಕನಸಲ್ಲವೆಂಬುದಕ್ಕೆ ಹುಬ್ಬಳ್ಳಿಯ ಕ್ಯಾಂಡಿಡಾ ಲೂಯಿಸ್ ಸಾಕ್ಷಿಯಾಗಿದ್ದಾರೆ. 2018ರಲ್ಲಿ ಈ ತರುಣಿ ಬೆಂಗಳೂರಿನಿಂದ ಮೋಟಾರ್ ಸೈಕಲ್ಲಿನ ಮೇಲೆ ಒಬ್ಬರೇ ಹೊರಟು, ಆಗ್ನೇಯ ಏಷ್ಯಾದ ದೇಶಗಳನ್ನು ದಾಟಿ ಆಸ್ಟ್ರೇಲಿಯಾದ ಸಿಡ್ನಿಯನ್ನು ತಲುಪಿದರು. ಹೆಣ್ಣುಮಗಳೊಬ್ಬಳು ಸಂಜೆ ಏಳರ ಮೇಲೆ ಹೊರಗೆ ನಿಂತರೆ ನಾಲ್ಕು ಜನ ಪ್ರಶ್ನಿಸುವ ನಾಡಿನಿಂದ ಅಷ್ಟು ದೂರದ ಪಯಣ ನಡೆಯಿತು. ಅದಕ್ಕೆ ಧೈರ್ಯವೊಂದೇ ಸಾಲದು, ತಿಂಗಳುಗಟ್ಟಲೆಯ ಸಿದ್ಧತೆಯೂ ಬೇಕು.

ಉತ್ತರದ ಹಾದಿ

ಉತ್ತರ ಯುರೋಪಿನ ಯಾತ್ರೆ ಸಾಮಾನ್ಯವಾಗಿ ಜರ್ಮನಿಯ ಹ್ಯಾಂಬರ್ಗಿನ ಕಡೆಯಿಂದ ಆರಂಭವಾಗುತ್ತದೆ. ಪಾಕಿಸ್ತಾನ, ಇರಾನುಗಳ ಮೂಲಕ ಸಾಗುವ ಹಳೆಯ ಭೂಮಾರ್ಗ ಭಾರತೀಯರಿಗೆ ಸುಲಭವಾಗಿ ದೊರೆಯುವಂಥದಲ್ಲವಾದ್ದರಿಂದ, ಹೆಚ್ಚಿನವರು ವಿಮಾನದಲ್ಲಿ ಹೋಗಿ ಅಲ್ಲಿ ಗಾಡಿಯನ್ನು ಬಾಡಿಗೆಗೆ ಪಡೆಯುತ್ತಾರೆ. ಡೆನ್ಮಾರ್ಕ್, ಸ್ವೀಡನ್, ಫಿನ್ಲೆಂಡ್, ನಾರ್ವೆ ನಾಲ್ಕಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. 180 ದಿನಗಳಲ್ಲಿ 90 ದಿನಗಳವರೆಗೆ ಅಲ್ಲಿರಬಹುದು. ನಮ್ಮ ಸಾರಿಗೆ ಕಚೇರಿಯೇ ಕೊಡುವ, ಒಂದು ವರ್ಷ ಬಾಳುವ ಅಂತರರಾಷ್ಟ್ರೀಯ ಚಾಲನಾ ಪರವಾನಿಗೆಯೂ ವಿಮೆಯೂ ಜೊತೆಗಿರಬೇಕು.

ಡೆನ್ಮಾರ್ಕಿನ ದ್ವೀಪಗಳನ್ನು ಬೆಸೆಯುವ, 1998ರಲ್ಲಿ ರಸ್ತೆ ಸಂಚಾರಕ್ಕೆ ತೆರೆದ ಗ್ರೇಟ್ ಬೆಲ್ಟ್ ಸೇತುವೆಯ ನಡುವಿನ ಒಂದು ತೂಗುಹರಹೇ 1,624 ಮೀಟರ್ ಉದ್ದವಾಗಿದೆ. ಅಲ್ಲಿಂದ ಮುಂದೆ, 2000ದ ಜುಲೈ 1ರಂದು ತೆರೆದ ಓರೆಸುಂಡ್ ಮಾರ್ಗವು ಸಮುದ್ರದ ಕೆಳಗೆ ಸುರಂಗವಾಗಿ ಹೊಕ್ಕು, ಮನುಷ್ಯರೇ ಕಟ್ಟಿದ ದ್ವೀಪವೊಂದರ ಮೇಲೆ ಹೊರಬಂದು, ಸೇತುವೆಯಾಗಿ ಸ್ವೀಡನ್ನಿಗೆ ಮುಟ್ಟುತ್ತದೆ. ಸ್ವೀಡನ್ನಿನ ಕರಾವಳಿಯನ್ನು ಹಿಡಿದು ನೂರಾರು ಮೈಲಿ ಅಡವಿಯ ನಡುವೆ ಸಾಗಿದರೆ ಫಿನ್ಲೆಂಡಿನ ಗಡಿ. ರೊವಾನಿಯೆಮಿ ಪಟ್ಟಣದ ಬಳಿ ಆರ್ಕ್‌ಟಿಕ್ ವೃತ್ತವನ್ನು ದಾಟಿದ ಮೇಲೆ ಸಾಮಿ ಜನರ ನಾಡು. ಅಲ್ಲಿ ಹಿಮಸಾರಂಗಗಳು ನಮ್ಮ ಎಮ್ಮೆಗಳಂತೆಯೇ ನಿಶ್ಚಿಂತೆಯಿಂದ ರಸ್ತೆಯ ನಡುವೆ ನಿಲ್ಲುತ್ತವೆ. ಅವು ಕಾಡುಪ್ರಾಣಿಗಳಂತೆ ಕಂಡರೂ ಪ್ರತಿಯೊಂದಕ್ಕೂ ಒಡೆಯರಿದ್ದಾರೆ.

ಕೊನೆಗೆ ಮಾಗೆರೋಯ ಎಂಬ ದ್ವೀಪ. ಸಮುದ್ರಮಟ್ಟಕ್ಕಿಂತ 212 ಮೀಟರ್ ಕೆಳಗಿಳಿಯುವ, 1999ರಲ್ಲಿ ತೆರೆದ ಸುಮಾರು 7 ಕಿ.ಮೀ. ಉದ್ದದ ಸುರಂಗವನ್ನು ದಾಟಿ ಆ ದ್ವೀಪವನ್ನು ಸೇರಬೇಕು. ಅದರ ತುದಿಯಲ್ಲಿ 307 ಮೀಟರ್ ಎತ್ತರದ ಕಡಿದಾದ ಬಂಡೆ. ಅದೇ ನಾರ್ಡ್‌ಕ್ಯಾಪ್, ಎಂದರೆ ಉತ್ತರ ಭೂಶಿರ. ನಮ್ಮ ರಬಕವಿ ಸುಮಾರು ಹದಿನಾರೂವರೆ ಡಿಗ್ರಿ ಅಕ್ಷಾಂಶದಲ್ಲಿದೆ, ಆ ಬಂಡೆ 71 ಡಿಗ್ರಿ ದಾಟಿದ ಮೇಲಿದೆ. ನಮ್ಮಲ್ಲಿ ವರ್ಷದ ಅತಿ ದೀರ್ಘವಾದ ಹಗಲು ಹದಿಮೂರು ತಾಸಿನ ಆಸುಪಾಸು. ಅಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಸೂರ್ಯ ಮುಳುಗುವುದೇ ಇಲ್ಲ.

ಮರಳುವಾಗ ನಾರ್ವೆಯ ಉದ್ದಕ್ಕೂ ಬಂದರೆ ಟ್ರಾಂಡ್ಹೈಮ್ ನಗರ ಸಿಗುತ್ತದೆ. 1030ರಲ್ಲಿ ಮಡಿದ ಸಂತ ಓಲಾವ್ ಅರಸನ ಸಮಾಧಿಯ ಮೇಲೆ ಕಟ್ಟಿದ ನಿದಾರೋಸ್ ಮಹಾದೇವಾಲಯ ಅಲ್ಲಿದೆ. ಮಧ್ಯಯುಗದಲ್ಲಿ ಯಾತ್ರಿಕರು ಕಾಲ್ನಡಿಗೆಯಲ್ಲಿ ಅಲ್ಲಿಗೆ ಬರುತ್ತಿದ್ದ ಹಾದಿಯನ್ನು 1997ರಲ್ಲಿ ಮತ್ತೆ ತೆರೆಯಲಾಯಿತು. ಓಸ್ಲೋದಿಂದ ಹೊರಡುವ ಈ ಹಾದಿಯನ್ನು ಇಂದಿಗೂ ಜನ ನಡೆದು ಕ್ರಮಿಸುತ್ತಾರೆ. ಇನ್ನೂ ದಕ್ಷಿಣಕ್ಕೆ, 1936ರಲ್ಲಿ ತೆರೆದ ಟ್ರೊಲ್‌ಸ್ಟೀಗನ್ ಘಟ್ಟದ 11 ಕಡುತಿರುವುಗಳಿವೆ.

ರವೆನ್ನಾದ ಗುರು

ಈ ಬಂಡೆಯ ತುದಿಗೆ ಬರಿಯ ನೋಡುವ ಆಸೆಯಿಂದ ಹೋದ ಮೊದಲ ಪ್ರವಾಸಿ ಯಾರೆಂದು ಬಲ್ಲಿರಾ? ಇಟಲಿಯ ರವೆನ್ನಾದ ಕೆಥೋಲಿಕ ಗುರು ಫ್ರಾಂಚೆಸ್ಕೊ ನೆಗ್ರಿ. 1553ರಲ್ಲಿ ರಿಚರ್ಡ್ ಚಾನ್ಸಲರ್ ಎಂಬ ಇಂಗ್ಲಿಷ್ ನಾವಿಕ ಪೂರ್ವದೇಶಗಳಿಗೆ ಸಮುದ್ರದಾರಿಯನ್ನು ಅರಸುತ್ತ ಆ ಬಂಡೆಯ ಪಕ್ಕದಿಂದ ಸಾಗಿ ಹೋಗಿದ್ದನು; ಅದು ವ್ಯಾಪಾರದ ಹಾದಿ. ನೆಗ್ರಿಯವರಿಗೆ ವ್ಯಾಪಾರವಿರಲಿಲ್ಲ. 1663ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಅವರು ಮನೆ ಬಿಟ್ಟು ಹೊರಟರು. ದೇವರು ಅಷ್ಟೊಂದು ಚಳಿಯಲ್ಲಿ, ಅಷ್ಟೊಂದು ಕತ್ತಲಲ್ಲಿ ಮನುಷ್ಯರನ್ನು ಹೇಗೆ ಬದುಕಿಸಿದ್ದಾನೆಂಬುದನ್ನು ಕಣ್ಣಾರೆ ಕಾಣುವ ಹಂಬಲ ಅವರದು. ರಸ್ತೆಗಳಿಲ್ಲದ ನಾಡಿನಲ್ಲಿ ದೋಣಿ, ಹಿಮಬಂಡಿಗಳನ್ನು ಏರಿ, ಅಲ್ಲಿಯವರ ಮನೆಗಳಲ್ಲಿಯೇ ತಂಗಿ, 1664ರಲ್ಲಿ ಅವರು ಉತ್ತರ ಭೂಶಿರವನ್ನು ಮುಟ್ಟಿದರೆಂದು ನಾರ್ವೆಯವರು ಇಂದಿಗೂ ನೆನೆಯುತ್ತಾರೆ. ಆ ಕಾಲದಲ್ಲಿ ಡೆನ್ಮಾರ್ಕ್–ನಾರ್ವೆ ರಾಜ್ಯಕ್ಕೆ ಕೆಥೋಲಿಕ ಗುರುಗಳ ಪ್ರವೇಶ ನಿಷಿದ್ಧವಾಗಿತ್ತೆಂಬುದನ್ನು ನೆನಪಿಟ್ಟರೆ ಆ ಪಯಣದ ಬೆಲೆ ತಿಳಿಯುತ್ತದೆ. ಊರಿಗೆ ಮರಳಿ ಬಾಳಿದ ನೆಗ್ರಿ 1698ರಲ್ಲಿ ತೀರಿಕೊಂಡರು. ಅವರ ಪ್ರವಾಸ ಗ್ರಂಥ ಅಚ್ಚಾದುದು ಅದರ ಎರಡು ವರ್ಷಗಳ ತರುವಾಯ.

ನೆಗ್ರಿಯವರ ಕಥೆಯನ್ನು ತಂದೆತಾಯಿಗಳಿಗಾಗಿ ಹೇಳಿದ್ದೇವೆ. ದೂರ ಹೋಗಬೇಕೆಂಬ ಹಂಬಲವೆಲ್ಲ ಸೋಮಾರಿತನವಲ್ಲ, ಸೊಕ್ಕೂ ಅಲ್ಲ. ಮನುಷ್ಯನಲ್ಲಿ ದೇವರೇ ಇಟ್ಟ ಜಿಜ್ಞಾಸೆ ಅದರಲ್ಲಿಯೂ ಇರಬಹುದು. ಮಗನನ್ನು ಬಯ್ಯುವ ಮೊದಲು ಅವನು ಏನನ್ನು ಕಾಣಲು ಹೊರಟಿದ್ದಾನೆಂದು ಕೇಳಿರಿ.

ಮಕ್ಕಳಿಗೂ ಒಂದು ಮಾತಿದೆ. ನಾರ್ಡ್‌ಕ್ಯಾಪ್ ನಿಜವಾಗಿ ಯುರೋಪಿನ ತುತ್ತತುದಿಯೂ ಅಲ್ಲ! ಅದೇ ದ್ವೀಪದ ಪಕ್ಕದ ಚಾಚು ಅದಕ್ಕಿಂತ ಸುಮಾರು ಒಂದೂವರೆ ಕಿ.ಮೀ. ಉತ್ತರಕ್ಕಿದೆ, ಆದರೆ ಅಲ್ಲಿಗೆ ರಸ್ತೆಯಿಲ್ಲ, ನಡೆದೇ ಹೋಗಬೇಕು. ತುದಿಯನ್ನು ಮುಟ್ಟಿದೆನೆಂಬ ಹೆಮ್ಮೆಗಾಗಿಯೇ ಹೊರಟವನಿಗೆ ಇದು ನಿರಾಸೆ. ದಾರಿಯುದ್ದಕ್ಕೂ ಕಂಡ ಜನ, ಬಿದ್ದ ಮಳೆ, ಸಿಕ್ಕ ನೆರವು ಇವುಗಳಿಗಾಗಿ ಹೊರಟವನಿಗೆ ನಷ್ಟವೇನೂ ಇಲ್ಲ.

ನಿಲ್ಲುವ ವಿದ್ಯೆ

ಉತ್ತರದ ಹಾದಿಯಲ್ಲಿ ಚಳಿ, ಮಳೆ, ಅಡ್ಡಗಾಳಿ ಇವೆಲ್ಲ ಇವೆ. ಜುಲೈಯಲ್ಲಿಯೂ ಭೂಶಿರದ ಸುತ್ತ ಹತ್ತು ಡಿಗ್ರಿಯ ಆಸುಪಾಸಿನ ತಣ್ಪು. ಇವೆಲ್ಲಕ್ಕಿಂತ ವಿಚಿತ್ರವಾದ ಅಪಾಯವೊಂದಿದೆ, ಅದು ಬೆಳಕು. ನಮ್ಮೂರಿನಲ್ಲಿ ಕತ್ತಲಾದರೆ ಮಗ್ಗ ನಿಲ್ಲುತ್ತಿದ್ದ ಕಾಲವಿತ್ತು. ಸೂರ್ಯನೇ ನಮಗೆ ‘ಸಾಕು’ ಎನ್ನುತ್ತಿದ್ದನು. ಅಲ್ಲಿ ಹಾಗೆ ಹೇಳುವವರಿಲ್ಲ. ರಾತ್ರಿ ಹನ್ನೊಂದಕ್ಕೂ ಬಿಸಿಲಿರುವಾಗ ಇನ್ನೂ ನೂರು ಕಿ.ಮೀ. ಹೋಗೋಣವೆನ್ನಿಸುತ್ತದೆ, ಮೈ ದಣಿದಿರುವುದು ಮನಸ್ಸಿಗೆ ತಿಳಿಯುವುದಿಲ್ಲ. ತನ್ನ ರಾತ್ರಿಯನ್ನು ತಾನೇ ನಿಗದಿ ಮಾಡಿಕೊಳ್ಳಬಲ್ಲವನು ಮಾತ್ರ ಆ ನಾಡಿನಲ್ಲಿ ಸುರಕ್ಷಿತನು.

ಈ ದೌರ್ಬಲ್ಯವನ್ನು ನಾರ್ವೆಯವರು ಚೆನ್ನಾಗಿ ಅರಿತಿದ್ದಾರೆ. 2000ದಲ್ಲಿ ತೆರೆದ ಲೇರ್ಡಾಲ್ ಸುರಂಗ 24.5 ಕಿ.ಮೀ. ಉದ್ದವಿದೆ. ಅಷ್ಟು ದೂರ ಒಂದೇ ಸಮನೆ ಸಾಗುವ ಚಾಲಕನಿಗೆ ತೂಕಡಿಕೆ ಬರಬಾರದೆಂದು ನಡುನಡುವೆ ಮೂರು ಕಡೆ ಬಂಡೆಯನ್ನು ಗುಹೆಯಂತೆ ಅಗಲವಾಗಿ ಕೊರೆದು ನೀಲಿ ಬೆಳಕನ್ನು ಹಾಯಿಸಿದ್ದಾರೆ. ಅಲ್ಲಿಯ ಸಾಮಾನ್ಯ ರಸ್ತೆಗಳಲ್ಲಿ ವೇಗದ ಮಿತಿ ಗಂಟೆಗೆ 80 ಕಿ.ಮೀ., ಊರೊಳಗೆ 50. ರಕ್ತದಲ್ಲಿ ಮದ್ಯದ ಅಂಶ ನಮ್ಮ ಕಾನೂನಿನಂತೆ ನೂರು ಮಿಲಿಲೀಟರಿಗೆ 30 ಮಿಲಿಗ್ರಾಮ್ ದಾಟಬಾರದು; ನಾರ್ವೆ, ಸ್ವೀಡನ್ನುಗಳಲ್ಲಿ ಆ ಮಿತಿ 20.

ಅರಿಸ್ಟಾಟಲನಿಂದ ಸಂತ ತೋಮಾಸ್ ಅಕ್ವಿನಾಸರವರೆಗೆ ದಾರ್ಶನಿಕರು ಧೈರ್ಯವನ್ನು ಹೇಡಿತನಕ್ಕೂ ಹುಂಬತನಕ್ಕೂ ನಡುವೆ ಇಟ್ಟರು. ಅದರ ಕಡಿವಾಣವನ್ನು ವಿವೇಕದ ಕೈಗೆ ಕೊಟ್ಟರು. ವಿವೇಕವನ್ನು ಸದ್ಗುಣಗಳ ಸಾರಥಿಯೆಂದು ಕರೆಯುವ ಪರಂಪರೆ ನಮ್ಮದು. ಗಂಟೆಗೆ ನೂರಿಪ್ಪತ್ತು ಕಿ.ಮೀ. ಓಡಿಸುವುದಕ್ಕೆ ಬಲಗೈ ತಿರುಗಿಸಿದರೆ ಸಾಕು. ಗೆಳೆಯರು ಮುಂದೆ ಹೋದರೂ ತಾನು ಎಂಬತ್ತರಲ್ಲಿಯೇ ಇರುವುದಕ್ಕೆ ಧೈರ್ಯ ಬೇಕು.

ನಮ್ಮ ಹಾದಿಗಳಲ್ಲಿ

ಅಷ್ಟು ದೂರದ ಪಯಣಕ್ಕೆ ಹೆದರುವ ನಾವು, ಮನೆಯ ಮುಂದಿನ ರಸ್ತೆಗೆ ಹೆದರುವುದಿಲ್ಲವೆಂಬುದು ಸೋಜಿಗ. 1970ರಲ್ಲಿ ನಾರ್ವೆಯ ರಸ್ತೆಗಳಲ್ಲಿ 560 ಜನ ಸತ್ತಿದ್ದರು. 2020ರಲ್ಲಿ ಸತ್ತವರು 93. ಇದು ತಾನಾಗಿ ಆದುದಲ್ಲ. ರಸ್ತೆಯಲ್ಲಿ ಒಂದು ಸಾವೂ ಸಹಜವಲ್ಲವೆಂಬ ನೀತಿಯನ್ನು ನೆರೆಯ ಸ್ವೀಡನ್ನಿನ ಸಂಸತ್ತು 1997ರಲ್ಲಿ ಅಂಗೀಕರಿಸಿತು. ನಾರ್ವೆಯೂ ಅದೇ ದಾರಿ ಹಿಡಿಯಿತು. ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಜನ, ದಿನಕ್ಕೆ ಸರಾಸರಿ 460ಕ್ಕೂ ಹೆಚ್ಚು. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಧರಿಸದೆ ಸತ್ತವರು ಸುಮಾರು 50 ಸಾವಿರ.

ಕಬ್ಬು ನುರಿಸುವ ಹಂಗಾಮಿನಲ್ಲಿ ಜಮಖಂಡಿ, ಮುಧೋಳ, ಮಹಾಲಿಂಗಪುರದ ಹಾದಿಗಳಲ್ಲಿ ರಾತ್ರಿ ಸಂಚರಿಸಿದವರಿಗೆ ಈ ಅಂಕಿಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದೀಪವಿಲ್ಲದ ಎರಡು ಟ್ರೇಲರುಗಳನ್ನು ಕಟ್ಟಿಕೊಂಡ ಟ್ರ್ಯಾಕ್ಟರ್ ಕತ್ತಲಲ್ಲಿ ನಿಂತಿರುತ್ತದೆ. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಹೆಲ್ಮೆಟ್ಟು ಪೆಟ್ರೋಲ್ ಟಾಕಿಯ ಮೇಲೆ ಕುಳಿತಿರುತ್ತದೆ. ಅಂಥ ರಾತ್ರಿಗಳ ಮರುದಿನ ಸಮಾಧಿಯ ಬಳಿ ಪ್ರಾರ್ಥನೆ ಹೇಳುವುದು ಗುರುಗಳ ಪಾಲಿಗೆ ಬರುತ್ತದೆ. ಇಪ್ಪತ್ತೆರಡರ ಮಗನ ಪೆಟ್ಟಿಗೆಯ ಮುಂದೆ ನಿಂತ ತಾಯಿಗೆ ಹೇಳಬಹುದಾದ ಮಾತು ಯಾವ ಸೆಮಿನರಿಯಲ್ಲಿಯೂ ಕಲಿಸಲಾರರು. 2007ರಲ್ಲಿ ವ್ಯಾಟಿಕನ್ ಹೊರಡಿಸಿದ ರಸ್ತೆಯ ಪಾಲನಾ ಮಾರ್ಗದರ್ಶಿಯಲ್ಲಿ ಚಾಲಕರಿಗೆಂದೇ ಹತ್ತು ಕಟ್ಟಳೆಗಳಿವೆ; ಅವುಗಳಲ್ಲಿ ಮೊದಲನೆಯದು ಕೊಲ್ಲಬಾರದೆಂಬ ಹಳೆಯ ಆಜ್ಞೆಯೇ. ಕುಡಿದು ಗಾಡಿ ಹತ್ತುವುದನ್ನು, ದೀಪವಿಲ್ಲದ ಟ್ರೇಲರನ್ನು ರಸ್ತೆಗೆ ಇಳಿಸುವುದನ್ನು ಆತ್ಮಶೋಧನೆಯ ವೇಳೆ ನಾವು ಪಾಪವೆಂದು ಎಣಿಸುತ್ತಿದ್ದೇವೆಯೆ? ಈ ಪ್ರಶ್ನೆಯನ್ನು ಪ್ರತಿ ಮನೆಯಲ್ಲಿಯೂ ಕೇಳಿಕೊಳ್ಳಬೇಕು.

ಆದುದರಿಂದ, ಉತ್ತರಕ್ಕೆ ಹೊರಡುವೆನೆನ್ನುವ ಮಗನಿಗೆ ಅಥವಾ ಮಗಳಿಗೆ ಒಂದೇ ಮಾತಿನಲ್ಲಿ ‘ಬೇಡ’ ಎನ್ನುವ ಬದಲು ಒಂದು ಪರೀಕ್ಷೆ ಒಡ್ಡಿರಿ. ಒಂದು ವರ್ಷ ಜಮಖಂಡಿಗೆ ಹೋಗುವಾಗಲೂ ಹೆಲ್ಮೆಟ್ಟಿನ ಪಟ್ಟಿ ಬಿಗಿಯಲಿ, ಹಿಂದೆ ಕುಳಿತವರಿಗೂ ತೊಡಿಸಲಿ. ರಾತ್ರಿಯ ಸವಾರಿ ಬಿಡಲಿ. ತನ್ನ ಗಾಡಿಯ ಚೈನು, ಬ್ರೇಕು, ಗಾಲಿಗಳನ್ನು ತಾನೇ ನೋಡಿಕೊಳ್ಳಲಿ. ಎಡಬದಿಯಲ್ಲಿ ಶಿಸ್ತಿನಿಂದ ಓಡಿಸಲಾರದವನು ಅಲ್ಲಿಯ ಬಲಬದಿಯಲ್ಲಿ ಹೇಗೆ ಓಡಿಸಿಯಾನು? ವರ್ಷವಿಡೀ ಇಷ್ಟನ್ನು ನಡೆಸಿ ತೋರಿಸಿದವರಿಗೆ ತಂದೆತಾಯಿಗಳು ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಕಳುಹಿಸಲಿ. ದಿನಕ್ಕೊಮ್ಮೆ ಫೋನು ಮಾಡುವ ಕರಾರಂತೂ ಇರಲಿ.

ನೇಕಾರರ ಊರಿನವರಾದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಲಾಳಿ ಹಾಸಿನ ಅಂಚಿನವರೆಗೆ ಓಡಬೇಕು, ಅಂಚನ್ನು ಮುಟ್ಟಿ ಮರಳಲೂ ಬೇಕು, ಆಗಲೇ ಬಟ್ಟೆಯಾಗುವುದು. ದೂರ ಹೊರಟ ನಮ್ಮ ಮಕ್ಕಳೆಲ್ಲರನ್ನೂ ಪ್ರಭುವು ಕ್ಷೇಮವಾಗಿ ಮನೆಗೆ ಮರಳಿ ತರಲಿ.